ಚಲಚ್ಚಿತ್ರದ ಪೂರ್ವೇತಿಹಾಸ: ನಿಶ್ಚಲ ಚಿತ್ರವು ಚಲಿಸಿದ ಬಗೆ

ಚಲಚ್ಚಿತ್ರದ ಉತ್ಪತ್ತಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಸಿದ್ಧವಾದ ಸಂಗತಿಗಳೆಂಬಂತೆ ಹೇಳುವುದುಂಟು. 1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲ್ಯೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರ ಮುಂದೆ ತಮ್ಮ ಯಂತ್ರವನ್ನು ನಡೆಯಿಸಿದಾಗ ಈ ಕಲೆ ಹುಟ್ಟಿತೆಂಬುದು ಒಂದು. ಕಣ್ಣಿನಲ್ಲಿ ಬಿದ್ದ ಬಿಂಬವು ಒಡನೆಯೇ ಅಳಿಯದೆ ಕ್ಷಣಕಾಲ ಉಳಿಯುವುದರಿಂದ ಸಾಲಾಗಿ ತೋರಿಸಿದ ಚಿತ್ರಗಳು ಒಂದರೊಡನೊಂದು ಬೆಸೆದುಕೊಂಡು ಚಲಿಸುವಂತೆ ಕಾಣುತ್ತವೆಂಬುದು ಇನ್ನೊಂದು. ಈ ಎರಡನೆಯದಕ್ಕೆ ದೃಷ್ಟಿಸ್ಥಾಯಿತ್ವವೆಂದು ಹೆಸರಿಡಬಹುದು. ಮೂಲ ಸಾಧನಗಳನ್ನು ಪರಿಶೀಲಿಸಿದಲ್ಲಿ ಇವೆರಡೂ ನಿಲ್ಲತಕ್ಕ ಮಾತುಗಳಾಗಿ ತೋರುವುದಿಲ್ಲ. ಎರಡನೆಯದನ್ನೇ ಮೊದಲು ವಿಚಾರಿಸುವುದು ಅನುಕೂಲ.

ದೃಷ್ಟಿಸ್ಥಾಯಿತ್ವವು ನಮ್ಮವರಿಗೆ ಹೊಸದಲ್ಲ. ಕೊಳ್ಳಿಯನ್ನು ಬೀಸಿದರೆ ಬೆಂಕಿಯ ಬಳೆ ಕಾಣುವುದು. ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಗಳ ನಾಲ್ಕನೆಯ ಪ್ರಕರಣದಲ್ಲಿ ಈ ಅಲಾತಚಕ್ರವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾರೆ. ಯೂರೋಪಿನಲ್ಲಿ 1765ರಲ್ಲಿ ಡಾರ್ಸಿ ಎಂಬ ಪಂಡಿತನು ಉರಿಯುವ ಕೆಂಡವನ್ನು ಯಂತ್ರದಿಂದ ತಿರುಗಿಸಿ, ಬಿಂಬವು ಸೆಕೆಂಡಿನ ನೂರರಲ್ಲಿ ಸುಮಾರು 13 ಪಾಲಿನಷ್ಟು ಕಾಲ ಉಳಿಯುವುದೆಂದು ಅಳೆದನು. ಆದರೆ ವಾಚಕರು ಒಂದಂಶವನ್ನು ಗಮನಿಸಬೇಕು. ಅಲಾತಚಕ್ರದಲ್ಲಿ ಚಲಿಸುತ್ತಿರುವ ಕಿಡಿಯು ನಿಂತ ಬಳೆಯಾಗಿ ಕಾಣುತ್ತದೆ. ಚಲಚ್ಚಿತ್ರದಲ್ಲಾದರೋ ನಿಂತ ಚಿತ್ರವು ಚಲಿಸುವಂತೆ ಕಾಣುತ್ತದೆ. ಕಾರ್ಯಗಳು ಪರಸ್ಪರ ವಿರುದ್ಧವಾಗಿರುವಾಗ ಕಾರಣವು ಒಂದೇ ಎನ್ನುವುದು ಹೇಗೆ?

ಈ ವಾದಕ್ಕೆ ಆಧಾರವಾಗಿ ಲಂಡನ್ನಿನ ವೈದ್ಯ ಪೀಟರ್ ಮಾರ್ಕ್ ರೋಜೆಯ ಲೇಖನವೊಂದನ್ನು ಹೆಸರಿಸುವ ವಾಡಿಕೆಯಿದೆ. ಇಂಗ್ಲಿಷ್ ಪರ್ಯಾಯಪದಕೋಶದಿಂದ ಪ್ರಸಿದ್ಧನಾದ ರೋಜೆಯೇ ಈತನು. 1824ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟ ಆ ಲೇಖನವನ್ನು ಕೆಲವು ಚರಿತ್ರಕಾರರು ಚಲಿಸುವ ವಸ್ತುಗಳ ದೃಷ್ಟಿಸ್ಥಾಯಿತ್ವವನ್ನು ಕುರಿತದ್ದೆಂದು ಉಲ್ಲೇಖಿಸುತ್ತಾರೆ. ಅದರ ನಿಜವಾದ ವಿಷಯ ಬೇರೆ. ಸಾಲುಗೂಟಗಳ ಸಂದಿನಿಂದ ನೋಡಿದಾಗ ಉರುಳುವ ಬಂಡಿಚಕ್ರದ ಅರೆಗಳು ಬಾಗಿದಂತೆಯೂ ನಿಂತಂತೆಯೂ ಏಕೆ ತೋರುವುವೆಂಬುದಷ್ಟೇ ಅಲ್ಲಿನ ಪ್ರಶ್ನೆ. ಚಲಿಸುವುದು ನಿಂತಂತೆ ಕಾಣುವ ಬಗೆಯನ್ನು ಹೇಳುವ ಲೇಖನವು ನಿಂತದ್ದು ಚಲಿಸುವ ಬಗೆಗೆ ಪ್ರಮಾಣವಾದುದು ಮೂಲವನ್ನು ತೆರೆದು ನೋಡದ ಫಲವೆಂದೇ ಹೇಳಬೇಕಾಗಿದೆ.

ದೃಷ್ಟಿಸ್ಥಾಯಿತ್ವವು ನಿಜವಾಗಿ ಕೆಲಸಮಾಡುವ ಆಟಿಕೆಯೊಂದು 1825ರಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದಿತು. ಥಾಮಟ್ರೋಪ್ ಎಂಬ ಆ ರಟ್ಟಿನ ಬಿಲ್ಲೆಯ ಒಂದು ಮುಖದಲ್ಲಿ ಹಕ್ಕಿ, ಇನ್ನೊಂದರಲ್ಲಿ ಪಂಜರ. ದಾರ ಹೊಸೆದು ತಿರುಗಿಸಿದರೆ ಹಕ್ಕಿ ಪಂಜರದೊಳಗೆ ಕೂತಿರುವುದು. ಎರಡು ಚಿತ್ರಗಳು ಬೆಸೆದು ಒಂದಾದವು, ಸರಿ. ಆದರೆ ಹಕ್ಕಿ ರೆಕ್ಕೆಯಾಡಿಸುವುದಿಲ್ಲ.

ಚಿತ್ರಕ್ಕೆ ಚಲನವನ್ನು ಕೊಟ್ಟವನು ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೊ. 1801ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ಈ ಭೌತವಿಜ್ಞಾನಿಯು 1829ರಲ್ಲಿ ಕಣ್ಣಿನ ಮೇಲೆ ಬೆಳಕು ಮಾಡುವ ಮುದ್ರೆಗಳ ವಿಷಯವಾಗಿ ಪ್ರಬಂಧ ಬರೆದು ಲಿಯೇಜ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದನು. ಫ್ಯಾರಡೆಯು ಹಲ್ಲುಗಾಲಿಗಳ ಭ್ರಾಂತಿಯನ್ನು ಕುರಿತು ಪ್ರಕಟಿಸಿದ ಪ್ರಯೋಗಗಳು ಇವನ ವಿಚಾರಕ್ಕೆ ಮತ್ತಷ್ಟು ಪ್ರೇರಣೆ ಕೊಟ್ಟವು. 1833ರ ಜನವರಿಯ ಪತ್ರವೊಂದರಲ್ಲಿ ಅವನು ವರ್ಣಿಸಿದ ಸಾಧನವು ಅತಿ ಸರಳವಾದದ್ದು. ರಟ್ಟಿನ ಚಕ್ರವೊಂದನ್ನು 16 ಭಾಗಮಾಡಿ, ಪ್ರತಿ ಭಾಗದಲ್ಲಿಯೂ ಗಿರಕಿ ಹೊಡೆಯುವ ನರ್ತಕನ ಒಂದೊಂದು ಭಂಗಿಯನ್ನು ಬರೆದು, ಅಂಚಿನ ಬಳಿ ಭಾಗಕ್ಕೊಂದರಂತೆ ಸಣ್ಣ ಸೀಳುಗಳನ್ನು ಕೊರೆದಿರುವುದು. ಚಿತ್ರದ ಮುಖವನ್ನು ಕನ್ನಡಿಗೆ ತೋರಿಸಿ, ಹಿಂದಿನಿಂದ ಸೀಳುಗಳ ಮೂಲಕ ನೋಡುತ್ತ ಚಕ್ರವನ್ನು ತಿರುಗಿಸಿದರೆ, ಕನ್ನಡಿಯಲ್ಲಿನ ನರ್ತಕರೆಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿಯೇ ನಿಂತು ಗಿರಕಿ ಹೊಡೆಯುವರು. ವಂಚಕವೆಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಫೆನಾಕಿಸ್ಟಿಸ್ಕೋಪ್ ಎಂಬ ಹೆಸರು ಬಂದಿತು.

ಸೀಳುಗಳ ಕೆಲಸವೇನೆಂಬುದರಲ್ಲಿಯೇ ವಿಷಯದ ತಿರುಳಿರುವುದು. ಕನ್ನಡಿಯೂ ರಟ್ಟೂ ಇದ್ದಲ್ಲಿ ವಾಚಕರು ಸ್ವತಃ ಮಾಡಿ ನೋಡಬಹುದು. ಸೀಳನ್ನು ಬಿಟ್ಟು ಚಕ್ರದ ಮೇಲುಗಡೆಯಿಂದ ಕಣ್ಣಿಟ್ಟರೆ ಹದಿನಾರು ಭಂಗಿಗಳೂ ಕಲಸಿಹೋಗಿ ಬೂದುಬಣ್ಣದ ಪಟ್ಟೆಯೊಂದು ಮಾತ್ರ ಕಾಣುವುದು. ಅದೇ ದೃಷ್ಟಿಸ್ಥಾಯಿತ್ವ, ಅದೇ ಅಲಾತಚಕ್ರ. ಸೀಳಿಗೆ ಕಣ್ಣನ್ನು ತಂದೊಡನೆ ಪ್ರತಿ ಚಿತ್ರವೂ ಕ್ಷಣಾಂಶ ಮಾತ್ರ ಗೋಚರಿಸಿ, ಆ ಅಲ್ಪಕಾಲದಲ್ಲಿ ಹೆಚ್ಚು ಸರಿಯಲಾರದೆ ನಿಂತಂತೆಯೇ ಇರುವುದು. ಮರುಸೀಳು ಬರುವ ಹೊತ್ತಿಗೆ ಮರುಭಂಗಿಯು ಅದೇ ಸ್ಥಾನಕ್ಕೆ ಬಂದಿರುವುದು. ಚಿತ್ರಗಳ ಸಂಖ್ಯೆಯು ಸೀಳುಗಳದ್ದಕ್ಕಿಂತ ಒಂದು ಕಡಮೆಯೋ ಹೆಚ್ಚೋ ಆದರೆ ಆಕೃತಿಗಳು ನಿಂತಲ್ಲಿ ನಿಲ್ಲದೆ ಸುತ್ತ ನಡೆಯತೊಡಗುವುವು. ಹೀಗೆ ಚಿತ್ರವನ್ನು ಕಣ್ಣಿನ ಪಾಲಿಗೆ ನಿಲ್ಲಿಸುವುದೇ ಚಲನದ ಉಪಾಯವೆಂದಾಯಿತು. ವಿಯೆನ್ನಾದ ಪಾಲಿಟೆಕ್ನಿಕ್ಕಿನ ಅಧ್ಯಾಪಕ ಸೈಮನ್ ಸ್ಟಾಂಪ್‌ಫರನೂ ಫ್ಯಾರಡೆಯ ಲೇಖನದಿಂದಲೇ ಹೊರಟು, 1832ರ ಡಿಸೆಂಬರಿನಲ್ಲಿ ಪ್ರಯೋಗಗಳಿಗೆ ತೊಡಗಿ ಇದೇ ಚಕ್ರವನ್ನು ಸ್ವತಂತ್ರವಾಗಿ ಕಂಡುಹಿಡಿದನು. ಆದ್ಯತೆಗಾಗಿ ಇಬ್ಬರೂ ಕಿತ್ತಾಡಲಿಲ್ಲವೆಂಬುದು ವಿದ್ವತ್ಪ್ರಪಂಚದಲ್ಲಿ ಅಪರೂಪದ ಸಂಗತಿ.

1829ರ ಪ್ರಯೋಗವೊಂದರಲ್ಲಿ ಪ್ಲಾಟೊವು ಸೂರ್ಯನನ್ನು ದಿಟ್ಟಿಸಿ ನೋಡಿದ್ದು ನಿಜ. 1843ರಲ್ಲಿ ಪೂರ್ಣ ಕುರುಡನಾದದ್ದೂ ನಿಜ. ಮೊದಲನೆಯದರಿಂದಲೇ ಎರಡನೆಯದಾಯಿತೆಂಬ ಪ್ರಸಿದ್ಧ ಕಥೆಯನ್ನು ಮಾತ್ರ ಈಚಿನ ನೇತ್ರವೈದ್ಯರು ಒಪ್ಪುವುದಿಲ್ಲ. ಕಣ್ಣಿನೊಳಗಿನ ದೀರ್ಘಕಾಲದ ಉರಿಯೂತವೇ ಕಾರಣವಾಗಿರಬೇಕೆಂದು ಅವರ ಊಹೆ. ಈ ಶಾಸ್ತ್ರದ ಚರಿತ್ರೆಯಲ್ಲಿ ಸುಂದರವಾದ ಕಥೆಗಳು ಕೊಂಚ ಹೆಚ್ಚಾಗಿಯೇ ಸೇರಿಕೊಂಡಿವೆ.

1912ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರನು ಪ್ರಕಟಿಸಿದ ಪ್ರಯೋಗಗಳಿಂದ ಈ ವಿಷಯ ಮತ್ತಷ್ಟು ಸ್ಪಷ್ಟವಾಯಿತು. ಅವನು ಎರಡು ಗೆರೆಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ಒಂದಾದ ಮೇಲೊಂದರಂತೆ ತೋರಿಸಿದನು. ನಡುವಣ ಕಾಲವು ಸೆಕೆಂಡಿನ ಸಾವಿರದಲ್ಲಿ ಸುಮಾರು 200 ಪಾಲಿನಷ್ಟಿದ್ದಾಗ ಒಂದು ಹೋಗಿ ಇನ್ನೊಂದು ಬಂದಂತೆಯೂ, 30 ಪಾಲಿಗಿಳಿದಾಗ ಎರಡೂ ಕೂಡಿಯೇ ಇದ್ದಂತೆಯೂ, 60 ಪಾಲಿನ ಆಸುಪಾಸಿನಲ್ಲಿ ಒಂದೇ ಗೆರೆಯು ಅತ್ತಿಂದಿತ್ತ ಸರಿದಂತೆಯೂ ನೋಡುವವರಿಗೆ ತೋರಿತು. ಬಿಂಬಗಳು ಬೆಸೆದಲ್ಲಿ ಚಲನವೇ ಇಲ್ಲವೆಂಬುದನ್ನು ಗಮನಿಸಬೇಕು. ಚಲನವನ್ನು ಕಟ್ಟುವುದು ಅಕ್ಷಿಪಟದ ಮೇಲೆ ಉಳಿದ ಮುದ್ರೆಯಲ್ಲ, ಎರಡು ಸ್ಥಿತಿಗಳನ್ನು ಒಂದೇ ವಸ್ತುವಿನವೆಂದು ಗ್ರಹಿಸುವ ಇಂದ್ರಿಯ ಮತ್ತು ಮನಸ್ಸುಗಳ ವ್ಯಾಪಾರ. ತೆರೆಯ ಮೇಲಿನ ಬೆಳಕು ಮಿಣುಕದಂತೆ ಕಾಣುವುದರಲ್ಲಿ ಮಾತ್ರ ದೃಷ್ಟಿಸ್ಥಾಯಿತ್ವಕ್ಕೆ ಪಾಲಿದೆ.

ಇನ್ನು ಮೊದಲನೆಯ ಮಾತು. ಪ್ಲಾಟೊವಿನ ಚಕ್ರವನ್ನು ಒಂದು ಸಲಕ್ಕೆ ಒಬ್ಬನೇ ನೋಡಬೇಕಾಗಿದ್ದಿತು. 1834ರಲ್ಲಿ ಇಂಗ್ಲೆಂಡಿನ ಹಾರ್ನರನು ಚಿತ್ರಗಳನ್ನು ಡೋಲಿನಾಕಾರದ ಪಾತ್ರೆಯ ಒಳಮೈಗೆ ತಂದು ಹಲವರು ಸುತ್ತ ನಿಂತು ನೋಡುವಂತೆ ಮಾಡಿದನು. ಇದೇ ಮುಂದೆ ಜೋಯಿಟ್ರೋಪ್ ಎನಿಸಿಕೊಂಡಿತು. ಆದರೆ ಸೀಳು ಕಿರಿದಾದಷ್ಟೂ ಚಿತ್ರ ಸ್ಫುಟ, ಬೆಳಕು ಕಡಮೆ. ಅಗಲವಾದರೆ ಬೆಳಕುಂಟು, ಸ್ಫುಟತೆಯಿಲ್ಲ. ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಎಮಿಲ್ ರೇನೋ. 1877ರಲ್ಲಿ ಅವನು ಸೀಳುಗಳನ್ನು ತೆಗೆದುಹಾಕಿ ಡೋಲಿನ ನಡುವೆ 12 ಚಿತ್ರಗಳಿಗೆ 12 ಕನ್ನಡಿಗಳನ್ನು ನಿಲ್ಲಿಸಿದನು. ಡೋಲಿನ ತ್ರಿಜ್ಯದ ಅರ್ಧದಲ್ಲಿ ಕನ್ನಡಿಗಳಿರುವುದರಿಂದ ಪ್ರತಿಬಿಂಬವು ಸರಿಯಾಗಿ ಅಕ್ಷದ ಮೇಲೆ ಬೀಳುವುದು. ಸುತ್ತಲಿನದೆಲ್ಲ ತಿರುಗಿದರೂ ಅಕ್ಷವು ತನ್ನ ಸ್ಥಾನದಿಂದ ಸರಿಯದಷ್ಟೆ. ಇಲ್ಲಿ ಕತ್ತಲೆಯ ಬಿಡುವೂ ಇಲ್ಲ. ಆದರೂ ಚಿತ್ರ ನಿಂತಿದೆ, ಆದುದರಿಂದಲೇ ಚಲಿಸುತ್ತದೆ. ಪ್ರಾಕ್ಸಿನೋಸ್ಕೋಪ್ ಎಂಬ ಈ ಯಂತ್ರಕ್ಕೆ 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಗೌರವ ಸಂದಿತು.

ಹನ್ನೆರಡೇ ಭಂಗಿಗಳಿರುವಲ್ಲಿ ಅದೇ ಆಟ ಮತ್ತೆ ಮತ್ತೆ ಬರಬೇಕು, ಕಥೆಗೆ ಅವಕಾಶವಿಲ್ಲ. ಆದಕಾರಣ ರೇನೋ ಚಿತ್ರಗಳನ್ನು ಡೋಲಿನಿಂದ ಬಿಡಿಸಿ ಉದ್ದವಾದ ಪಟ್ಟಿಗೆ ತಂದು, ಚಿತ್ರಚಿತ್ರಗಳ ನಡುವೆ ರಂಧ್ರವಿಟ್ಟು, ಮಾಯಾದೀಪದ ಮೂಲಕ ತೆರೆಯ ಮೇಲೆ ಬೀರಿದನು. 1888ರಲ್ಲಿ ಇದರ ಹಕ್ಕುಪತ್ರ ಪಡೆದು, 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವ್ಯಾಂ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವನ್ನು ಆರಂಭಿಸಿದನು. ಪಿಯೆರೋ ಎಂಬ ವಿದೂಷಕನ ಕಥೆಯ ಪಟ್ಟಿಯಲ್ಲಿ 500 ಚಿತ್ರಗಳಿದ್ದವು. ಒಂದೊಂದನ್ನೂ ಜೆಲಟಿನ್ ಹಾಳೆಯ ಮೇಲೆ ರೇನೋ ಕೈಯಾರ ಬರೆದು ಬಣ್ಣ ತುಂಬಿದ್ದನು. ತೆರೆಯ ಹಿಂದೆ ನಿಂತು ಪಟ್ಟಿಯನ್ನು ಮುಂದಕ್ಕೂ ಹಿಂದಕ್ಕೂ ತಾನೇ ತಿರುಗಿಸುತ್ತ ಅಷ್ಟರಲ್ಲಿಯೇ ಹತ್ತು ಹದಿನೈದು ನಿಮಿಷದ ಆಟವನ್ನು ನಡೆಯಿಸುತ್ತಿದ್ದನು. ತೆರೆ, ಕಥೆ, ರಂಧ್ರವುಳ್ಳ ಪಟ್ಟಿ, ಜೊತೆಗೆ ಸಂಗೀತ, ಹಣ ಕೊಟ್ಟು ಬಂದ ಜನ: ಇವೆಲ್ಲವೂ ಲ್ಯೂಮಿಯೇರರಿಗಿಂತ ಮೂರು ವರ್ಷ ಮುಂಚೆಯೇ ಇದ್ದವು. ಇಲ್ಲದಿದ್ದುದು ಛಾಯಾಗ್ರಹಣವೊಂದೇ.

ಅದರಿಂದಲೇ ಅವನಿಗೆ ಸೋಲಾಯಿತು. ಲ್ಯೂಮಿಯೇರ್ ಯಂತ್ರವು ಕೊಕ್ಕೆಯಿಂದ ಸೆಕೆಂಡಿಗೆ ಸುಮಾರು 16 ಚಿತ್ರಗಳನ್ನು ಎಳೆದೆಳೆದು ನಿಲ್ಲಿಸುತ್ತಿದ್ದಿತು. ರೇನೋ ತಿಂಗಳುಗಟ್ಟಲೆ ಕೂತು ಬರೆಯಬೇಕಾಗಿದ್ದಷ್ಟನ್ನು ಅದು ನಿಮಿಷದೊಳಗೆ ಸೆರೆಹಿಡಿಯುತ್ತಿದ್ದಿತು. 1900ರಲ್ಲಿ ಅವನ ಪ್ರದರ್ಶನಗಳು ನಿಂತವು. ಅಷ್ಟರಲ್ಲಿ ಸುಮಾರು ಐದು ಲಕ್ಷ ಜನರು ಅವನ್ನು ನೋಡಿದ್ದರೆಂದು ಲೆಕ್ಕ. ವಿಚಿತ್ರವೇನೆಂದರೆ, ಕೈಬರಹದ ಚಿತ್ರವು ಗೆದ್ದ ಯಂತ್ರದೊಳಗಿನಿಂದಲೇ ಮತ್ತೆ ಎದ್ದುಬಂದಿತು. 1908ರಲ್ಲಿ ಎಮಿಲ್ ಕೋಲನು ಸುಮಾರು 700 ರೇಖಾಚಿತ್ರಗಳನ್ನು ಒಂದೊಂದಾಗಿ ಫಿಲ್ಮಿನ ಮೇಲೆ ತೆಗೆದು ‘ಫ್ಯಾಂಟಾಸ್ಮಗೋರಿ’ಯನ್ನು ರಚಿಸಿದನು. ನಮ್ಮ ದೇಶದಲ್ಲಿ ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಬಟಾಣಿ ಗಿಡದ ಬೆಳವಣಿಗೆಯನ್ನು ಬಿಡಿಬಿಡಿಯಾಗಿ ಸೆರೆಹಿಡಿದು ತೋರಿಸಿದ್ದೂ ಇದೇ ಕ್ರಮದಿಂದ. ಅವರ ಮೊದಲ ಚಿತ್ರಪ್ರಯೋಗವೇ ಅದು.

ಈ ಪುನರುಜ್ಜೀವನದಿಂದ ರೇನೋವಿಗೆ ಏನೂ ದೊರೆಯಲಿಲ್ಲ. 1910ರ ಅನಂತರದ ಬಡತನದಲ್ಲಿ ಅವನು ತನ್ನ ಯಂತ್ರವನ್ನು ಒಡೆದುಹಾಕಿ, ಚಿತ್ರಪಟ್ಟಿಗಳಲ್ಲಿ ಹೆಚ್ಚಿನವನ್ನು ಸೇನ್ ನದಿಗೆ ಎಸೆದನು. 1918ರ ಜನವರಿಯಲ್ಲಿ ತೀರಿಕೊಂಡನು. ಪಿಯೆರೋ ಕಥೆಯದೂ, ಸಮುದ್ರತೀರದ ಸ್ನಾನಗೃಹದ ಸುತ್ತ ನಡೆಯುವ ಇನ್ನೊಂದು ಕಥೆಯದೂ ಮಾತ್ರ ಉಳಿದವು. ಈ ಎರಡು ಪಟ್ಟಿಗಳನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.