ಅದೇ ಇದು ಎಂದು ಹೇಳುವುದು ಹೇಗೆ?

1906ರಲ್ಲಿ ಹೆನ್ರಿ ಡೇಲ್ ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಬಸುರಿ ಬೆಕ್ಕಿಗೆ ಕೊಟ್ಟಾಗ ಅದರ ಗರ್ಭಕೋಶ ಸಂಕುಚಿಸಿತು. ಹೆರಿಗೆ ಕೋಣೆಗಳಿಗೆ ಆ ಸಾರ ಬೇಗ ತಲುಪಿತು. ಆದರೆ ಅದರೊಳಗೆ ಇಬ್ಬರಿದ್ದರು: ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ ಮತ್ತು ರಕ್ತದೊತ್ತಡ ಏರಿಸುವ ವ್ಯಾಸೊಪ್ರೆಸಿನ್. ಒಂಬತ್ತು ಅಮೈನೊ ಆಮ್ಲಗಳ ಸರದಲ್ಲಿ ಎರಡೇ ಮಣಿ ಬೇರೆ. ತಾಯಿಯ ಮೈಮೇಲೆ ಪರಿಣಾಮವೇ ಬೇರೆ.

ಈ ಜೋಡಿಯನ್ನು ಬೇರ್ಪಡಿಸಿ, ಆಕ್ಸಿಟೋಸಿನ್ ರಚನೆ ಬಿಡಿಸಿ, 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿದವರು ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ವಿನ್ಸೆಂಟ್ ದು ವಿನ್ಯೊ ಮತ್ತು ಸಂಗಡಿಗರು. 1955ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನನ್ನು ಹೆಚ್ಚು ಹಿಡಿದಿಡುವುದು ಅವರು ಕಟ್ಟಿದ್ದಕ್ಕಿಂತ, ಕಟ್ಟಿದ್ದನ್ನು ಅನುಮಾನಿಸಿದ ರೀತಿ.

ಮೊದಲ ಪ್ರಶ್ನೆ: ಇದು ಶುದ್ಧವೇ? ಬೆರೆಯದ ಎರಡು ದ್ರವಗಳ ನಡುವೆ ಕೊಳವೆಯಿಂದ ಕೊಳವೆಗೆ ಸಾಗಿಸುವ ಲೈಮನ್ ಕ್ರೇಗ್ ವಿಧಾನದಲ್ಲಿ ಒಂದೇ ವಸ್ತುವಾದರೆ ಒಂದೇ ಗುಡ್ಡೆ ಏಳಬೇಕು. ಎರಡನೆಯದು: ಶುದ್ಧವಾದದ್ದು ಆಕ್ಸಿಟೋಸಿನ್ನೇ ಹೌದೆ? ಅದಕ್ಕೆ ಕೃತಕವನ್ನೂ ಸಹಜವನ್ನೂ ಅಕ್ಕಪಕ್ಕ ಇಟ್ಟು ಅಮೈನೊ ಆಮ್ಲಗಳ ಪ್ರಮಾಣ, ಬೆಳಕನ್ನು ತಿರುಗಿಸುವ ಗುಣ, ವಿದ್ಯುತ್ ಕ್ಷೇತ್ರದಲ್ಲಿನ ಚಲನೆಗಳನ್ನು ಹೋಲಿಸಿದರು. ಕೋಳಿಯ ರಕ್ತದೊತ್ತಡ ಎಷ್ಟು ಇಳಿಯುತ್ತದೆಂದು ಅಳೆದರು. ಕೊನೆಯ ಸಾಕ್ಷಿ ಹೇಳಿದವರು ಬಾಣಂತಿಯರು: ಸುಮಾರು ಒಂದು ಮೈಕ್ರೊಗ್ರಾಂ ರಕ್ತನಾಳಕ್ಕೆ ಕೊಟ್ಟರೆ, ಎರಡರಿಂದಲೂ ಅರ್ಧ ನಿಮಿಷದೊಳಗೆ ಎದೆಹಾಲು ಇಳಿಯಿತು.

ಇಂದು ಎಚ್‌ಪಿಎಲ್‌ಸಿ ಯಂತ್ರ ಶುದ್ಧತೆಯನ್ನು ಶೇಕಡಾವಾರು ಹೇಳುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ಹೇಳುತ್ತದೆ. ಆದರೂ ಒಂದೇ ಯಂತ್ರದ ಮಾತು ಸಾಲದು. ಆಕ್ಸಿಟೋಸಿನ್‌ನಲ್ಲಿ ಲ್ಯೂಸಿನ್, ಐಸೊಲ್ಯೂಸಿನ್ ಎರಡೂ ಇವೆ. ಅವು ಸಮತೂಕದ ಅವಳಿಗಳು. ಜಾಗ ಅದಲುಬದಲಾದರೂ ಒಟ್ಟು ತೂಕ ಅಷ್ಟೇ. ಇನ್ನು ಶೇಕಡಾ 99 ಶುದ್ಧವಾದ ಪುಡಿ ಶೇಕಡಾ 99 ಬೇರೆಯದೇ ಆಗಿರಬಹುದು.

2018ರಲ್ಲಿ ಹೈನುಗಾರಿಕೆಯಲ್ಲಿ ದುರ್ಬಳಕೆಯಾಗುತ್ತಿದೆಯೆಂದು ಕೇಂದ್ರ ಸರ್ಕಾರ ದೇಶದ ಬಳಕೆಗೆ ಬೇಕಾದ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಮೀಸಲಿಡಲು ಹೊರಟಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದುಮಾಡಿತು. ವಾದವೆಲ್ಲ ಯಾರು ತಯಾರಿಸಬೇಕೆಂಬುದರ ಸುತ್ತ. ನನಗೆ ಮಾತ್ರ ಸೀಸೆಯೊಳಗೆ ಏನಿದೆ ಎಂಬ ಹಳೆಯ ಪ್ರಶ್ನೆಯೇ ದೊಡ್ಡದು. ಬಿಸಿಲಿಗೆ ಕೆಟ್ಟ ಔಷಧವೂ ತಿಳಿನೀರಿನಂತೆಯೇ ಕಾಣುತ್ತದೆ. ಹೆರಿಗೆಯ ನಂತರ ರಕ್ತ ನಿಲ್ಲದ ತಾಯಿಗೆ ಅದನ್ನು ಪರೀಕ್ಷಿಸುವ ವೇಳೆ ಇರುವುದಿಲ್ಲ; ಅವಳ ಪರವಾಗಿ ಯಾರೋ ಮೊದಲೇ ಅನುಮಾನಿಸಿರಬೇಕು.