ಗಜೇಂದ್ರಗಡದ ಒಪ್ಪಂದ, ನರಗುಂದದ ಕಪ್ಪ

ನರಗುಂದ ಅಂದರೆ ನಮ್ಮ ಮಂದಿಗೆ 1858ರ ಬಾಬಾಸಾಹೇಬನ ಬಂಡಾಯವೇ ನೆನಪು. ನೆನಪಿರಬೇಕಾದದ್ದೇ. ಆದರೆ ರೋಣದಿಂದ ಗಜೇಂದ್ರಗಡದ ಬಸ್ಸು ಹತ್ತಿದಾಗೆಲ್ಲ ನನ್ನ ಮನಸ್ಸು ಅದಕ್ಕೂ ಎಪ್ಪತ್ತು ವರ್ಷ ಹಿಂದಕ್ಕೆ ಓಡುತ್ತದೆ.

ಆಗ ಟಿಪ್ಪುವಿಗೂ ನರಗುಂದಕ್ಕೂ ಜಗಳ ಹುಟ್ಟಿದ್ದು ಕಪ್ಪದಿಂದ. ಹೈದರನಿಗೆ ಸಲ್ಲುತ್ತಿದ್ದುದಕ್ಕಿಂತ ಹೆಚ್ಚು ಕೊಡು ಎಂದ ಟಿಪ್ಪು. ನರಗುಂದದ ಒಡೆಯ ವೆಂಕಟರಾವ್ ಭಾವೆ ನೆರವಿಗಾಗಿ ಪುಣೆಯ ಮರಾಠರ ಕಡೆ ನೋಡಿದ. 1785ರಲ್ಲಿ ಮೈಸೂರಿನ ಪಡೆ ನರಗುಂದದ ಗುಡ್ಡವನ್ನು ಮುತ್ತಿತು. ಕೋಟೆ ಬಿದ್ದ ಮೇಲೆ ವೆಂಕಟರಾವನೂ ಅವನ ಕಾರಭಾರಿ ಕಾಳೋಪಂತನೂ ಬೇಡಿ ತೊಟ್ಟು ಕಬ್ಬಾಳದುರ್ಗಕ್ಕೆ ನಡೆದರು. ಸಣ್ಣ ಸಂಸ್ಥಾನಗಳ ಪಾಡು ಇಷ್ಟೇ ಎಂದು ಸುಮ್ಮನಾಗಲು ನನ್ನಿಂದ ಆಗದು.

   

1786ರಲ್ಲಿ ಮರಾಠರು, ನಿಜಾಮನವರು ಕೂಡಿ ಬಾದಾಮಿ ಗೆದ್ದರು. ಗಜೇಂದ್ರಗಡವೂ ಮರಾಠರ ಕೈಸೇರಿತು. 1787ರಲ್ಲಿ ಗಜೇಂದ್ರಗಡದ ಹೆಸರಿನಲ್ಲೇ ಒಪ್ಪಂದವಾಯಿತು. ಟಿಪ್ಪು 48 ಲಕ್ಷ ರೂಪಾಯಿ ಕೊಡಲು, ಬಾದಾಮಿ, ನರಗುಂದ, ಕಿತ್ತೂರು ಬಿಡಲು ಒಪ್ಪಿದ. ವೆಂಕಟರಾವನ ಊರು ಹೀಗೆ ಮರಳಿ ಬಂತು.

ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರ ದೇವಸ್ಥಾನಕ್ಕೆ ಬಂದವರು ಮಕ್ಕಳಿಗೆ ಗಜೇಂದ್ರಗಡದ ಕೋಟೆಯನ್ನೂ ತೋರಿಸಿ, ಈ ಒಪ್ಪಂದದ ಕತೆಯನ್ನೂ ಹೇಳಿ.