ನೋವಿಲ್ಲದ ದಿನಗಳೆಷ್ಟು? – ಅರೆತಲೆನೋವಿನ ಒಂದು ಚರಿತ್ರೆ



ಚರಿತ್ರೆಯೆಂದರೆ ಕೋಟೆಕೊತ್ತಲಗಳು, ಯುದ್ಧಗಳು, ಇಸವಿಗಳು ಎಂಬಂತೆಯೇ ಮೂರು ದಶಕಗಳ ಕಾಲ ನಿಮಗೆ ಬೋಧಿಸಿದವನು ನಾನು. ವರ್ಗಾವಣೆಯಾದ ಊರಿಗೆ ತಕ್ಕಂತೆ ಪಾಠವೂ ಬದಲಾಗುತ್ತಿತ್ತು. ಮಾಗಡಿಯಲ್ಲಿ ಕೆಂಪೇಗೌಡರ ವಂಶ, ಚನ್ನಪಟ್ಟಣದಲ್ಲಿ ಬೊಂಬೆಗಳ ಕಥೆ, ರಾಮನಗರದಲ್ಲಿ ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರಿನ ಹಿನ್ನೆಲೆ. ನೋವಿಗೂ ಒಂದು ಚರಿತ್ರೆಯುಂಟು ಎಂಬುದು ನನಗೆ ಅರಿವಾದದ್ದು ನಿವೃತ್ತಿಯ ಅಂಚಿನಲ್ಲಿ, ಅದೂ ನಮ್ಮ ಮನೆಯಲ್ಲಿಯೇ.

ನನ್ನ ಶ್ರೀಮತಿಗೆ ಮದುವೆಯಾದಂದಿನಿಂದಲೂ ತಲೆನೋವಿನ ಬಾಧೆ. ರಾಮನಗರದಲ್ಲಿ ನಾವಿದ್ದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿದ್ದವು. ಆ ವಾಸನೆ ಎದ್ದಿತೆಂದರೆ ಆಕೆ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಬಿಗಿದು ಕತ್ತಲೆಯ ಕೋಣೆಯಲ್ಲಿ ಮಲಗಿಬಿಡುತ್ತಿದ್ದಳು. ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದ್ದಾಯಿತು, ಅಮೃತಾಂಜನ ಹಚ್ಚಿದ್ದಾಯಿತು, ಅಂಗಡಿಯ ಮಾತ್ರೆಗಳನ್ನು ನುಂಗಿದ್ದಾಯಿತು. ಒಬ್ಬ ವೈದ್ಯರು ತಲೆಯ ಸ್ಕ್ಯಾನ್ ನೋಡಿ, "ಏನೂ ಇಲ್ಲ, ಸುಮ್ಮನೆ ಚಿಂತೆ ಮಾಡುತ್ತಾರೆ" ಎಂದು ನನ್ನತ್ತ ತಿರುಗಿ ಹೇಳಿದರು. ಆ ದಿನ ಬಸ್ಸಿನಲ್ಲಿ ಮರಳುವಾಗ ಆಕೆ ಒಂದು ಮಾತನ್ನೂ ಆಡಲಿಲ್ಲ. "ಏನೂ ಇಲ್ಲ" ಎಂಬುದು ಸಮಾಧಾನದ ಮಾತೆಂದೇ ನಾನು ಭಾವಿಸಿದ್ದೆ.

ಈ ಬೇನೆ ಹೊಸದೇನಲ್ಲ. ಸುಶ್ರುತ ಸಂಹಿತೆಯು ಹೇಳುವ ಹನ್ನೊಂದು ಶಿರೋರೋಗಗಳಲ್ಲಿ 'ಅರ್ಧಾವಭೇದಕ'ವೂ ಒಂದು. ತಲೆಯ ಅರ್ಧಭಾಗವನ್ನು ಸೀಳುವಂಥದ್ದು ಎಂದು ಅದರ ಭಾವ. ಗ್ರೀಕ್ ವೈದ್ಯರು ಇದನ್ನು 'ಹೆಮಿಕ್ರೇನಿಯಾ' ಎಂದರು. ಅಲ್ಲಿಯೂ ಅರ್ಥ ಅರ್ಧ ತಲೆಯೇ. ಆ ಪದವೇ ಲ್ಯಾಟಿನ್, ಫ್ರೆಂಚ್ ಭಾಷೆಗಳಲ್ಲಿ ಸವೆದು 'ಮೈಗ್ರೇನ್' ಆಯಿತು. ನಮ್ಮ ಹಿರಿಯರ 'ಅರೆತಲೆನೋವು' ಸಹ ಅದೇ. ಇನ್ನು ಚರಕ ಸಂಹಿತೆಯು ವೈದ್ಯನಿಗಿರಬೇಕಾದ ನಾಲ್ಕು ವೃತ್ತಿಗಳನ್ನು ಹೇಳುವಾಗ ಮೈತ್ರಿಯನ್ನೂ, ನೊಂದವರಲ್ಲಿ ಕಾರುಣ್ಯವನ್ನೂ ಮೊದಲಿಗೇ ಇಡುತ್ತದೆ.

ನಮ್ಮ ಸೀಮೆಯ ಮಟ್ಟಿಗೆ ನರರೋಗ ಚಿಕಿತ್ಸೆಯ ಚರಿತ್ರೆ ಎಂದರೆ ಬಹುಪಾಲು ನಿಮ್ಹಾನ್ಸ್ ಚರಿತ್ರೆ. ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ 1974ರಲ್ಲಿ ಒಂದಾಗಿ ಈ ಸಂಸ್ಥೆ ರೂಪುಗೊಂಡಿತು. ಅಲ್ಲಿನ ವೈದ್ಯರು ಕನಕಪುರ, ಗೌರಿಬಿದನೂರು, ಮದ್ದೂರಿನಂಥ ಊರುಗಳಿಗೇ ಬಂದು ರೋಗಿಗಳನ್ನು ನೋಡುವ ಪರಿಪಾಠವನ್ನೂ ಬೆಳೆಸಿದರು. ಆದರೂ ಜನರ ಬಾಯಲ್ಲಿ ಅದು 'ಹುಚ್ಚಾಸ್ಪತ್ರೆ'ಯಾಗಿಯೇ ಬಹುಕಾಲ ಉಳಿಯಿತು. ತಲೆನೋವಿಗೆಂದು ಅಲ್ಲಿಗೆ ಹೋದರೆ ನೆಂಟರೇನೆಂದಾರು ಎಂದು ನಮ್ಮ ಮನೆಯಲ್ಲಿಯೂ ವರ್ಷಗಳನ್ನು ದೂಡಿದೆವು.

ಇಲ್ಲಿ ಎರಡು ಸಮೀಕ್ಷೆಗಳನ್ನು ನಿಮ್ಮ ಮುಂದಿಡಬೇಕು. ನಿಮ್ಹಾನ್ಸ್ ತಜ್ಞರಾದ ಗೌರಿದೇವಿ, ಗುರುರಾಜ್, ಸತೀಶ್ಚಂದ್ರ ಮತ್ತು ಸುಬ್ಬಕೃಷ್ಣ ಅವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರಲ್ಲಿ ಎಲ್ಲ ಬಗೆಯ ನರರೋಗಗಳನ್ನು ಲೆಕ್ಕಹಾಕಿ, 2004ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ 1,119 ಜನರಲ್ಲಿ ಕಂಡ ತಲೆನೋವೇ ಆ ಪಟ್ಟಿಯಲ್ಲಿ ಮೊದಲನೆಯದು. ಬಳಿಕ 2009–10ರಲ್ಲಿ ಮತ್ತೊಂದು ತಂಡ, ಗಿರೀಶ್ ಕುಲಕರ್ಣಿ, ಗುರುರಾಜ್ ಮೊದಲಾದವರು ವಿದೇಶದ ತಜ್ಞರೊಂದಿಗೆ ಸೇರಿ, ಮನೆಗೊಬ್ಬರಂತೆ 2,329 ವಯಸ್ಕರನ್ನು ಆರಿಸಿ, ತಲೆನೋವಿನ ಕುರಿತೇ ವಿವರವಾಗಿ ವಿಚಾರಿಸಿತು. ಆ ವರ್ಷದಲ್ಲಿ ಶೇಕಡ 63.9ರಷ್ಟು ಜನರಿಗೆ ತಲೆನೋವು ಬಂದಿತ್ತು. ಮೈಗ್ರೇನ್ ಒಂದೇ ಶೇಕಡ 25.2. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಎರಡು ಸಮೀಕ್ಷೆಗಳ ಉದ್ದೇಶವೂ ವಿಧಾನವೂ ಬೇರೆ. ಹಾಗಾಗಿ ಮಧ್ಯದ ವರ್ಷಗಳಲ್ಲಿ ರೋಗ ಹಲವು ಪಟ್ಟು ಬೆಳೆಯಿತೆಂದು ತಿಳಿಯಬಾರದು. ನಾನು ಕಲಿತ ಪಾಠ ಇಷ್ಟು: ಒಬ್ಬೊಬ್ಬರನ್ನೇ ಕೂರಿಸಿ, ಅದನ್ನೇ ಕೇಳಿದಾಗ, ಅಡಗಿದ್ದ ನೋವು ಹೊರಬರುತ್ತದೆ.

ಈ ಪಾಠದ ಸಾಕ್ಷ್ಯ ನನ್ನ ಮನೆಯಲ್ಲಿಯೇ ದೊರೆಯಿತು. ಕಡೆಗೊಮ್ಮೆ ಬೆಂಗಳೂರಿನ ನರರೋಗ ತಜ್ಞೆಯೊಬ್ಬರ ಬಳಿಗೆ ಹೋದೆವು. ಅವರು "ಎಷ್ಟು ಸಲ ಬರುತ್ತದೆ?" ಎಂದೊಡನೆ, ತರಗತಿಯ ಅಭ್ಯಾಸಬಲದಿಂದ ನಾನೇ ಉತ್ತರಿಸಿದೆ: "ತಿಂಗಳಿಗೆ ಮೂರು ನಾಲ್ಕು ಸಲ, ಡಾಕ್ಟರೇ."

ಆಕೆ ನಕ್ಕು, "ಮೇಷ್ಟ್ರೇ, ತಾವು ಸ್ವಲ್ಪ ಸುಮ್ಮನಿರಿ" ಎಂದು, ಕುರ್ಚಿಯನ್ನು ನನ್ನ ಶ್ರೀಮತಿಯ ಕಡೆಗೆ ತಿರುಗಿಸಿಕೊಂಡರು. "ನೀವೇ ಹೇಳಿಯಮ್ಮ. ತಲೆನೋವು ಸ್ವಲ್ಪವೂ ಇಲ್ಲದ ದಿನಗಳು ತಿಂಗಳಿಗೆ ಎಷ್ಟು?"

ಬಹಳ ಹೊತ್ತು ಮೌನ. ಅನಂತರ ಬೆರಳು ಮಡಿಸಿ ಎಣಿಸಿ, "ಹತ್ತು ಇರಬಹುದು" ಎಂದಳು.

ಇಪ್ಪತ್ತು ದಿನ ನೋವು! ಒಂದೇ ಸೂರಿನಡಿ ಇದ್ದ ನನಗೆ ತಿಳಿದಿದ್ದುದು ಮಲಗಿದ ದಿನಗಳು ಮಾತ್ರ. ತಲೆ ಸಿಡಿಯುತ್ತಿದ್ದರೂ ಎದ್ದು ನನ್ನ ಡಬ್ಬಿ ಕಟ್ಟಿಕೊಟ್ಟ ದಿನಗಳು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆ ಒಂದು ಪ್ರಶ್ನೆಯಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು. ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತಲೆನೋವಿದ್ದು, ಅವುಗಳಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣವಿದ್ದರೆ ಅದು ದೀರ್ಘಕಾಲಿಕ ಮೈಗ್ರೇನ್ ಎಂದು ವೈದ್ಯೆ ವಿವರಿಸಿದರು. ನೋವಿನ ಮಾತ್ರೆಗಳನ್ನು ಅತಿಯಾಗಿ ನುಂಗುವುದರಿಂದಲೇ ತಲೆನೋವು ಬೆಳೆಯಬಲ್ಲದೆಂಬುದನ್ನು ಗದರದೆ ತಿಳಿಸಿದರು. "ನಿಮ್ಮ ನೋವು ನಿಜ. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ, ಅಷ್ಟೇ" ಎಂದಾಗ ನನ್ನ ಶ್ರೀಮತಿಯ ಕಣ್ಣು ತುಂಬಿತು. ನೋವು ಪೂರ್ತಿ ಹೋಗಲಿಲ್ಲ. ಆದರೆ ಒಳ್ಳೆಯ ದಿನಗಳು ಹೆಚ್ಚಿದವು. ಗೋಡೆಯ ಕ್ಯಾಲೆಂಡರಿನಲ್ಲಿ ಆಕೆ ಈಗಲೂ ಅವುಗಳನ್ನು ಗುರುತು ಹಾಕುತ್ತಾಳೆ.

ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದಲ್ಲಿ ವೈದ್ಯರು ಹಾಗೂ ಮೈಗ್ರೇನ್ ರೋಗಿಗಳ 60 ಭೇಟಿಗಳನ್ನು ಚಿತ್ರೀಕರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರ ಪ್ರಶ್ನೆಗಳಲ್ಲಿ ಶೇಕಡ 91ರಷ್ಟು ಒಂದೆರಡು ಮಾತಿನ ಉತ್ತರ ಬೇಡುವಂಥವಾಗಿದ್ದವು. ನೋವು ಎಷ್ಟು ಸಲ ಬರುತ್ತದೆಂಬುದರಲ್ಲಿಯೇ ಅರ್ಧಕ್ಕೂ ಹೆಚ್ಚು ಜೋಡಿಗಳ ತಿಳಿವಳಿಕೆ ಕೂಡಲಿಲ್ಲ. ನಮ್ಮಲ್ಲಿ 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೈತಿಕತೆ ಮತ್ತು ಸಂವಹನದ ಪಾಠಗಳು ಸೇರಿವೆ. ಸಂತೋಷದ ಸಂಗತಿ. ನಿಮ್ಮಲ್ಲಿಯೂ ಕೆಲವರು ಈಗ ವೈದ್ಯರು. ನೂರು ಜನರ ಸಾಲು ಹೊರಗೆ ನಿಂತಿರುವಾಗ ಇದು ಸುಲಭವಲ್ಲವೆಂದು ಬಲ್ಲೆ. ಆದರೆ ಆ ಒಂದು ಪ್ರಶ್ನೆಗೆ ಹಿಡಿದದ್ದು ಅರ್ಧ ನಿಮಿಷ.

ಕೊನೆಗೊಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ತಲೆಯಿಟ್ಟು, ಬೆಳಕು ಕಣ್ಣು ಕುಕ್ಕುತ್ತದೆ ಸಾರ್ ಎಂದಿದ್ದಳು. ಪಾಠ ಬಾರದವರ ನಾಟಕವೆಂದು ಆಕೆಯನ್ನು ಆ ತಾಸು ಪೂರ್ತಿ, ಕಿಟಕಿಯ ಪಕ್ಕದ ಬಿಸಿಲಿನಲ್ಲಿ ನಿಲ್ಲಿಸಿದೆ. ಮಗಳೇ, ನೀನು ಎಲ್ಲಿಯೇ ಇದ್ದರೂ ಈ ಸಾಲುಗಳು ನಿನ್ನ ಕಣ್ಣಿಗೆ ಬಿದ್ದರೆ ನಿನ್ನ ಮೇಷ್ಟ್ರನ್ನು ಕ್ಷಮಿಸು. ಅಂದು ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಕಲಿಯಲು ನನಗೆ ಇಷ್ಟು ವರ್ಷ ಹಿಡಿಯಿತು.